ಹಗ್ಗ ಎಳೆದಾಗ ಬರುವವರು ಯಾರು?

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಹತ್ತಿಪ್ಪತ್ತು ಮಿಷನ್ ಇಟ್ಟುಕೊಂಡು ಶಾಪ್ ನಡೆಸುವವರ ಮುಂದೆ ‘ನಾಯಕತ್ವ’ ಅಂದರೆ ಅರ್ಧ ಸಭೆ ಫೋನ್ ಕೈಗೆತ್ತಿಕೊಳ್ಳುತ್ತದೆ. ಆ ಪದ ಇಲ್ಲಿಗೆ ಬಿಟ್ಟೆ. ಓನರ್ ಊರಿಗೆ ಹೋದ ದಿನ ಶಾಪ್ ಯಾಕೆ ಕುಂಟುತ್ತದೆ ಅನ್ನುವುದಷ್ಟೇ ಇವತ್ತಿನ ವಿಷಯ. ಮಿಷನ್ ಅವೇ, ಹುಡುಗರೂ ಅವರೇ. ‘ಆಫ್‌ಸೆಟ್ ಎಷ್ಟು ಕೊಡ್ಲಿ ಸಾರ್’, ‘ಇನ್ಸರ್ಟ್ ಬದಲಾಯಿಸ್ಲಾ ಸಾರ್’, ‘ಈ ಪೀಸ್ ಬಿಡ್ಲಾ ಸಾರ್’ ಅನ್ನುವುದಕ್ಕೆ ಉತ್ತರ ಕೊಡುವವರು ಇಲ್ಲ, ಅಷ್ಟೇ. ಹೊಸಬರಿಗೆ ಹೇಳುವುದಾದರೆ, ಆಫ್‌ಸೆಟ್ ಅಂದರೆ ಅಳತೆ ಸರಿಬರಲು ಟೂಲ್ ಎಷ್ಟು ಸರಿಯಬೇಕು ಅಂತ ಮಿಷನ್‌ಗೆ ಕೊಡುವ ತಿದ್ದುಪಡಿ, ಇನ್ಸರ್ಟ್ ಅಂದರೆ ಟೂಲಿನ ತುದಿಯಲ್ಲಿ ಕೂರಿಸುವ ಕತ್ತರಿಸುವ ತುಣುಕು.

ಹುಡುಗರನ್ನು ಗದರದೆ ಮಾತಾಡಿಸಿ, ಹೆಗಲ ಮೇಲೆ ಕೈ ಹಾಕಿ ಅಂತ ಹೇಳಲು ಬಂದಿಲ್ಲ. ಮೆತ್ತಗೆ ಮಾತಾಡಿಕೊಂಡೇ ಎಲ್ಲವನ್ನೂ ತನ್ನ ಮುಷ್ಟಿಯಲ್ಲಿ ಇಟ್ಟುಕೊಳ್ಳುವ ಯಜಮಾನರನ್ನು ನೀವೂ ಕಂಡಿದ್ದೀರಿ. ಜೊತೆಗೂಡಿ ನಡೆಸುವುದು ಸ್ವಭಾವದ ಮಾತಲ್ಲ, ಏರ್ಪಾಡಿನ ಮಾತು. ಯಾವ ನಿರ್ಧಾರ ಯಾರದು ಅಂತ ಬರೆದಿರಬೇಕು. ಆ ನಿರ್ಧಾರ ಹೊತ್ತವನು ಸಹಾಯಕ್ಕೆ ಕೈ ಎತ್ತಿದರೆ ಯಾರು ಬರುತ್ತಾರೆ, ಎಷ್ಟು ಹೊತ್ತಿನಲ್ಲಿ ಬರುತ್ತಾರೆ ಅಂತಲೂ ಬರೆದಿರಬೇಕು. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ, ಎರಡನೆಯದನ್ನು ಬಿಟ್ಟುಬಿಡುತ್ತಾರೆ.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು, ಆದರೂ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಲ್ಲಿನ ಜನರಲ್ ಮೋಟಾರ್ಸ್ ಕಾರ್ಖಾನೆ 1982ರಲ್ಲಿ ಬಾಗಿಲು ಹಾಕಿತು. ಗೈರುಹಾಜರಿ ಶೇಕಡ 20ರ ಆಸುಪಾಸು. ಯೂನಿಯನ್ ಕೊಟ್ಟ ದೂರುಗಳು ಸಾವಿರಗಟ್ಟಲೆ ಬಾಕಿ. ಕಾರು ಜೋಡಿಸುವ ಲೈನ್ ನಿಲ್ಲಿಸಬಾರದು ಅನ್ನುವುದು ಅಲ್ಲಿನ ಅಲಿಖಿತ ಶಾಸನ. ತಪ್ಪು ಜೋಡಣೆಯಾದ ಕಾರು ಬಂದರೂ ಮುಂದಕ್ಕೆ ತಳ್ಳು, ಕೊನೆಯಲ್ಲಿ ರೀವರ್ಕ್ ಮಾಡಿಕೊಳ್ಳೋಣ. ನಗಬೇಡಿ, ತಿಂಗಳ ಕೊನೆಯ ಮೂರು ದಿನ ನಮ್ಮ ಡಿಸ್ಪ್ಯಾಚ್ ವಿಭಾಗದಲ್ಲೂ ಇದೇ ಶಾಸನ.

1984ರಲ್ಲಿ ಅದೇ ಶೆಡ್ಡಿನಲ್ಲಿ ಜನರಲ್ ಮೋಟಾರ್ಸ್ ಮತ್ತು ಟೊಯೊಟಾ ಸೇರಿ ‘ನುಮ್ಮಿ’ ಅನ್ನುವ ಜಂಟಿ ಕಾರು ಕಾರ್ಖಾನೆ ಶುರುಮಾಡಿದವು. ಬರೀ ಹೊಸಬರನ್ನು ತುಂಬಿಕೊಳ್ಳಲಿಲ್ಲ. ಸೇರಿದವರಲ್ಲಿ ಹೆಚ್ಚಿನವರು ಹಳೆಯ ಕೆಲಸಗಾರರೇ, ಯೂನಿಯನ್ನೂ ಅದೇ. ತಂಡದ ಲೀಡರ್‌ಗಳನ್ನು ಜಪಾನಿನ ತಕಾವೊಕಾ ಕಾರ್ಖಾನೆಗೆ ಕಳಿಸಿ ಅಲ್ಲಿನ ಲೈನಿನಲ್ಲೇ ನಿಲ್ಲಿಸಿ ಕಲಿಸಿದರು. ಎಂಬತ್ತಕ್ಕೂ ಹೆಚ್ಚು ಹುದ್ದೆಯ ವರ್ಗಗಳಿದ್ದವು. ಉತ್ಪಾದನೆಗೆ ಒಂದೇ ವರ್ಗ ಉಳಿಸಿದರು. ಆಮೇಲೆ ಲೈನಿನ ಉದ್ದಕ್ಕೂ ಹಗ್ಗ ಕಟ್ಟಿದರು.

ಹಗ್ಗ ಎಳೆದ ಕ್ಷಣ ಲೈನ್ ನಿಲ್ಲುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಎಳೆದಾಗ ಹಳದಿ ದೀಪ ಹತ್ತಿ ಸಂಗೀತ ಶುರುವಾಗುತ್ತದೆ, ಲೈನ್ ಓಡುತ್ತಲೇ ಇರುತ್ತದೆ. ನಾಲ್ಕರಿಂದ ಆರು ಜನರ ತಂಡಕ್ಕೆ ಒಬ್ಬ ಲೀಡರ್. ಅವನು ಧಾವಿಸಿ ಬರುತ್ತಾನೆ. ಕಾರು ಆ ನಿಲ್ದಾಣದ ಗೆರೆ ದಾಟುವುದರೊಳಗೆ ಸರಿಹೋದರೆ ಮತ್ತೆ ಹಗ್ಗ ಎಳೆದು ದೀಪ ಆರಿಸುತ್ತಾರೆ. ಸರಿಹೋಗದಿದ್ದರೆ ಮಾತ್ರ ಗೆರೆಯ ಬಳಿ ಲೈನ್ ನಿಲ್ಲುತ್ತದೆ. ಅಂದರೆ ಆ ಏರ್ಪಾಡಿನ ಜೀವ ಇರುವುದು ಹಗ್ಗದಲ್ಲಲ್ಲ, ಓಡಿ ಬರುವ ಕಾಲಿನಲ್ಲಿ. ಅದಕ್ಕಾಗಿಯೇ ಆ ಲೀಡರನಿಗೆ ಲೈನಿನಲ್ಲಿ ಕಾಯಂ ಜಾಗ ಇರುವುದಿಲ್ಲ. ನಮ್ಮಲ್ಲಿ? ಮಿಷನ್ ಸೆಟ್ ಮಾಡಿಕೊಡುವ ಸೆಟ್ಟರ್‌ಗೂ ಎರಡು ಮಿಷನ್ ಕೊಟ್ಟು, ‘ಏನಾದ್ರೂ ಆದ್ರೆ ಅವ್ನನ್ನ ಕರಿ’ ಅನ್ನುತ್ತೇವೆ.

ನುಮ್ಮಿಯಲ್ಲಿ ಗೈರುಹಾಜರಿ ಶೇಕಡ 2–3ಕ್ಕೆ ಇಳಿಯಿತು. 1988ರ ಹೊತ್ತಿಗೆ ಕಾರು ಸರಿಯಾಗಿ ಮಾರಾಟವಾಗದೆ ಉತ್ಪಾದನೆ ಕುಸಿದಾಗಲೂ ಕೊಟ್ಟ ಮಾತಿನಂತೆ ಯಾರನ್ನೂ ಮನೆಗೆ ಕಳಿಸಲಿಲ್ಲ. ಹೆಚ್ಚಾದ ಕೈಗಳನ್ನು ತರಬೇತಿಗೆ, ಸುಧಾರಣೆಯ ಕೆಲಸಕ್ಕೆ ಹಾಕಿದರು. ತಾನು ಹೇಳಿಕೊಟ್ಟ ಸುಧಾರಣೆಯಿಂದಲೇ ತನ್ನ ಕೆಲಸ ಹೋಗುತ್ತದೆ ಅಂದರೆ ಯಾವನು ಬಾಯಿ ಬಿಡುತ್ತಾನೆ? ಜನರಲ್ ಮೋಟಾರ್ಸ್ ಇದನ್ನೇ ವ್ಯಾನ್ ನೈಸ್ ಕಾರ್ಖಾನೆಗೆ ಒಯ್ಯಲು ನೋಡಿತು, ಅಲ್ಲಿ ಬೇರೂರಲಿಲ್ಲ. ಹಗ್ಗ ಬಂತು, ಎಳೆದವನ ಮೇಲೆ ಕೂಗಾಡುವುದು ಹೋಗಲಿಲ್ಲ.

ಟೊಯೊಟಾ ಅಂದ ಕೂಡಲೇ ಕೈಮುಗಿಯಬೇಡಿ. ಇಲ್ಲೇ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲಿ 2020ರ ನವೆಂಬರ್‌ನಲ್ಲಿ ಮುಷ್ಕರ, ಲಾಕೌಟ್ ಎರಡೂ ಆದವು. ಕೆಲಸದ ಹೊರೆಯೇ ಜಗಳದ ನಡುವೆ ಇತ್ತು. ಒಂದು ಊರಿನಲ್ಲಿ ಕಟ್ಟಿದ ನಂಬಿಕೆ ಇನ್ನೊಂದು ಊರಿಗೆ ಲಾರಿಯಲ್ಲಿ ಬರುವುದಿಲ್ಲ.

ಈಗ ನಿಮ್ಮ ಸಿಎನ್‌ಸಿ ಲೇಥಿಗೆ, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕಡೆಯುವ ಮಿಷನ್‌ಗೆ ಬರೋಣ. ಒಂದು ವಾರ ನಿಮ್ಮ ಬಳಿ ಬಂದ ಪ್ರಶ್ನೆಗಳನ್ನೆಲ್ಲ ಪುಸ್ತಕದಲ್ಲಿ ಬರೆಯಿರಿ: ಕೇಳಿದ್ದು ಯಾರು, ಏನು, ಉತ್ತರ ಸಿಗುವವರೆಗೆ ಮಿಷನ್ ಎಷ್ಟು ಹೊತ್ತು ನಿಂತಿತು. ಪದೇ ಪದೇ ಬರುವುದರಲ್ಲಿ ಒಂದನ್ನು, ಒಂದೇ ಒಂದನ್ನು ಆಪರೇಟರ್‌ಗೆ ಬಿಟ್ಟುಕೊಡಿ. ಸಾಮಾನ್ಯವಾಗಿ ಅದು ಆಫ್‌ಸೆಟ್ ಆಗಿರುತ್ತದೆ.

25 ಮಿಮೀ ಹೊರವ್ಯಾಸ, ಟಾಲರೆನ್ಸ್, ಅಂದರೆ ಒಪ್ಪುವ ಏರಿಳಿತ, ಪ್ಲಸ್ ಮೈನಸ್ 0.02 ಅಂತಿಟ್ಟುಕೊಳ್ಳಿ. 24.99ರಿಂದ 25.01ರವರೆಗೆ ಹಸಿರು, ಮುಟ್ಟಬೇಡ. ಹಸಿರು ದಾಟಿ ಟಾಲರೆನ್ಸ್ ಒಳಗೇ ಇದ್ದರೆ ಹಳದಿ. ಆಗಲೂ ಕೈ ಹಾಕಬೇಡ, ಮುಂದಿನ ಪೀಸ್ ಅಳೆ. ಎರಡು ಸತತವಾಗಿ ಒಂದೇ ಬದಿಯ ಹಳದಿಯಲ್ಲಿ ಬಂದರೆ ಯಾರನ್ನೂ ಕೇಳದೆ ತಿದ್ದು. ಒಂದು ಮೇಲೆ ಒಂದು ಕೆಳಗೆ ಬಂದರೆ, ಅಥವಾ ಒಂದೇ ಪೀಸ್ ಟಾಲರೆನ್ಸ್ ಆಚೆ ಹೋದರೆ ಮಿಷನ್ ನಿಲ್ಲಿಸಿ ಸೆಟ್ಟರನ್ನು ಕರೆ. ಇನ್ಸರ್ಟ್ ಸವೆದರೆ ವ್ಯಾಸ ಮೆಲ್ಲಗೆ ಏರುತ್ತದೆ. ಧುತ್ತೆಂದು ಹಾರಿದರೆ ಅದು ಸವೆತ ಅಲ್ಲ: ಇನ್ಸರ್ಟ್ ತುದಿ ಮುರಿದಿರುತ್ತದೆ, ಇಲ್ಲವೇ ಪೀಸನ್ನು ಹಿಡಿಯುವ ಜಾ ಮೇಲೆ ಲೋಹದ ಚಿಪ್ ಸಿಕ್ಕಿಕೊಂಡಿರುತ್ತದೆ. ಅದನ್ನು ಆಫ್‌ಸೆಟ್ಟಿನಿಂದ ಮುಚ್ಚಿದರೆ ಮುಂದಿನ ಪೀಸ್ ಸ್ಕ್ರ್ಯಾಪ್.

ಎಡವಟ್ಟು ಎಲ್ಲಿ ಆಗುತ್ತದೆ? ಒಂದೇ ಪೀಸ್ ನೋಡಿ ಹಗಲು ಪಾಳಿಯವನು 0.01 ಇಳಿಸುತ್ತಾನೆ, ರಾತ್ರಿ ಪಾಳಿಯವನು 0.01 ಏರಿಸುತ್ತಾನೆ, ಸುಮ್ಮನಿದ್ದ ಮಿಷನ್ ತೂಗಾಡತೊಡಗುತ್ತದೆ. ಲೇಥ್ ವ್ಯಾಸದ ಲೆಕ್ಕದಲ್ಲಿ ಸೆಟ್ ಆಗಿರುವಾಗ ಹೊಸ ಹುಡುಗ ತ್ರಿಜ್ಯ ಅಂದುಕೊಂಡು ಅರ್ಧ ಹಾಕುತ್ತಾನೆ. 0.02 ಬದಲು 0.2 ಒತ್ತುವವರೂ ಇದ್ದಾರೆ. ಅದಕ್ಕೆ ನೀವು ಹಿಂದೆ ನಿಂತು ಕಾಯಬೇಕಿಲ್ಲ. ಒಮ್ಮೆಗೆ ಇಷ್ಟಕ್ಕಿಂತ ಹೆಚ್ಚು ಆಫ್‌ಸೆಟ್ ತೆಗೆದುಕೊಳ್ಳದಂತೆ ಮಿತಿ ಹಾಕುವ ಪ್ಯಾರಾಮೀಟರ್ ಕಂಟ್ರೋಲ್‌ನಲ್ಲೇ ಇರುತ್ತದೆ.

ಮತ್ತೆ ಅದೇ ಹಳೆಯ ರಾಗ: ಸೆಟ್ಟರ್ ಎಷ್ಟು ಹೊತ್ತಿಗೆ ಬರುತ್ತಾನೆ? ಎರಡು ನಿಮಿಷ ಅಂತ ಬರೆದರೆ ಎರಡು ನಿಮಿಷವೇ. ಮಿಷನ್ ನಿಂತ ಹೊತ್ತನ್ನು ಆಪರೇಟರನ ಉತ್ಪಾದನೆಯ ಲೆಕ್ಕದಿಂದ ಕಳೆಯಬೇಡಿ. ಇನ್ಸೆಂಟಿವ್ ಕತ್ತರಿಸಿದರೆ ನಾಳೆಯಿಂದ ಕೆಟ್ಟ ಪೀಸ್ ಒಳ್ಳೆಯ ಪೀಸಿನ ಅಡಿಯಲ್ಲಿ ಮಲಗಿರುತ್ತದೆ. ಇನ್ನು, ಅವನು ತಿದ್ದಿದ ಆಫ್‌ಸೆಟ್ಟನ್ನು ಎಲ್ಲರೆದುರು ನೀವು ಮತ್ತೆ ತಿದ್ದಿದಿರೋ, ಅಡುಗೆಮನೆ ಸೊಸೆಗೆ ಒಪ್ಪಿಸಿ ಉಗ್ರಾಣದ ಬೀಗದ ಕೈ ಸೊಂಟದಲ್ಲೇ ಸಿಕ್ಕಿಸಿಕೊಂಡ ಅತ್ತೆಯಾಗುತ್ತೀರಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಇನ್ನೂ ನಾಲ್ಕು ವಿಷಯ ಇದ್ದವು, ಎರಡನ್ನು ಕೈಬಿಟ್ಟೆ.

ಸೂಪರ್‌ವೈಸರ್. ಈ ಬದಲಾವಣೆಗೆ ಅಡ್ಡ ನಿಲ್ಲುವವನು ಅವನೇ, ಅವನ ಮೇಲೆ ತಪ್ಪು ಹೊರಿಸಬೇಡಿ. ಇಷ್ಟು ವರ್ಷ ಅವನ ಬೆಲೆ ಇದ್ದದ್ದೇ ಉತ್ತರ ಗೊತ್ತಿರುವುದರಲ್ಲಿ. ಆ ಉತ್ತರಗಳನ್ನು ಬೋರ್ಡಿಗೆ ಏರಿಸಿದ ಮೇಲೆ ಅವನಿಗೆ ಬೇರೆ ಕೆಲಸ ಬೇಕು: ಯಾರಿಗೆ ಯಾವ ಮಿಷನ್ ಬರುತ್ತದೆ ಅನ್ನುವ ಪಟ್ಟಿ, ಬಾರದವರಿಗೆ ಕಲಿಸುವುದು, ಕರೆ ಬಂದರೆ ಹೋಗುವುದು. ಅವನ ಅಪ್ರೈಸಲ್‌ನಲ್ಲಿ ಪೀಸಿನ ಎಣಿಕೆಯೊಂದೇ ಉಳಿದರೆ ಇದಾವುದನ್ನೂ ಅವನು ಮಾಡುವುದಿಲ್ಲ.

ಕೊನೆಯದು ರಾತ್ರಿ ಪಾಳಿ. ರಾತ್ರಿ ಎರಡು ಗಂಟೆಗೆ ಕರೆದರೆ ಬರುವ ಸೆಟ್ಟರ್ ಇಲ್ಲದಿದ್ದರೆ ಹಗಲಿನ ನಿಯಮವನ್ನೇ ಅಂಟಿಸಬೇಡಿ. ಆ ಪಾಳಿಗೆ ಬೇರೆ ಹಾಳೆ ಮಾಡಿ: ಇಷ್ಟರೊಳಗೆ ನೀನೇ ತಿದ್ದು, ದಾಟಿದರೆ ಮಿಷನ್ ಆಫ್ ಮಾಡಿ ಪಕ್ಕದ ಮಿಷನ್ ಹಿಡಿ, ಯಾಕೆ ನಿಲ್ಲಿಸಿದೆ ಅಂತ ಬೆಳಿಗ್ಗೆ ಯಾರೂ ಕೇಳುವುದಿಲ್ಲ. ಕೆಳಗೆ ಓನರ್ ಸಹಿ ಇರಲಿ, ಸೂಪರ್‌ವೈಸರನದ್ದಲ್ಲ. ಹಾಳೆಯ ನಮೂನೆ ಬಾಗಿಲ ಹತ್ತಿರದ ಮೇಜಿನ ಮೇಲಿದೆ, ಪ್ರಶ್ನೆಗಳನ್ನು ಊಟದ ಹೊತ್ತಿನಲ್ಲಿ ಕೇಳಿ.