ಲೆಕ್ಕ ನೆಲದ ಮೇಲೇ ಮುಗಿಯಲಿ

ಕೇಳುಗರಿಗೆ ನಮಸ್ಕಾರ.

ಮದುವೆ ದಿಬ್ಬಣಕ್ಕೆ, ಚುನಾವಣಾ ಪ್ರಚಾರಕ್ಕೆ, ಕಾಯಿಲೆಯವರನ್ನು ಬೆಂಗಳೂರಿನ ಆಸ್ಪತ್ರೆಗೆ ಸಾಗಿಸುವುದಕ್ಕೆ ಇಡೀ ವಿಮಾನವನ್ನೇ ಬಾಡಿಗೆಗೆ ಗೊತ್ತುಮಾಡುವ ರೂಢಿ ಈಗ ನಮ್ಮಲ್ಲೂ ಇದೆ. ಇದಕ್ಕೆ ಚಾರ್ಟರ್ ವಿಮಾನ ಅನ್ನುತ್ತೇವೆ. ಹೀಗೆ ವಿಮಾನ ಗೊತ್ತುಮಾಡುವವರು, ಅವರ ಪರವಾಗಿ ಫೋನು ಹಿಡಿದು ಓಡಾಡುವ ಕಚೇರಿಯ ಸಿಬ್ಬಂದಿ, ಇವತ್ತಿನ ಮಾತು ನಿಮಗಾಗಿ. ನಾನು ಹೇಳಬೇಕಾದ್ದು ಒಂದೇ: ಲೆಕ್ಕವೆಲ್ಲ ನೆಲದ ಮೇಲೇ ಮುಗಿಯಬೇಕು. ಇಂಧನದ ಲೆಕ್ಕ, ತೂಕದ ಲೆಕ್ಕ, ಹೊತ್ತಿನ ಲೆಕ್ಕ, ಪೈಲಟ್‌ ಲಾಗ್‌ಬುಕ್ಕಿನ (ಅವರ ಹಾರಾಟಗಳ ದಾಖಲೆ ಪುಸ್ತಕದ) ಲೆಕ್ಕ, ನಾಲ್ಕೂ.

ಬೆಂಗಳೂರಿನ ಎಚ್ಎಎಲ್ ನಿಲ್ದಾಣದಿಂದ ಹುಬ್ಬಳ್ಳಿಗೆ ಹೊರಟಿದ್ದೀರಿ ಅನ್ನೋಣ. ವಿಮಾನ ಎರಡು ಎಂಜಿನ್ನಿನ, ಪ್ರೊಪೆಲರ್ ಇರುವ ಟರ್ಬೊಪ್ರಾಪ್, ಕಿಂಗ್ ಏರ್ ಬಿ200. ಸುಮಾರು ಒಂದು ಗಂಟೆಯ ದಾರಿ. ಎಂಜಿನ್ ಶುರುಮಾಡಿ ರನ್‌ವೇವರೆಗೆ ಹೋಗಲು 40 ಕಿಲೋ ಇಂಧನ. ಹಾರಾಟಕ್ಕೆ 270 ಕಿಲೋ. ಎದುರುಗಾಳಿ, ಸುತ್ತುದಾರಿಗೆಂದು ಹಾರಾಟದ ಇಂಧನದ ಶೇಕಡ 5, ಅಂದರೆ 14 ಕಿಲೋ. ಆದರೆ ಇದು ಐದು ನಿಮಿಷದ ಇಂಧನಕ್ಕಿಂತ ಕಡಿಮೆ ಇರಕೂಡದು, ಆದ್ದರಿಂದ 20 ಅಂತಲೇ ಹಿಡಿಯಿರಿ. ಹುಬ್ಬಳ್ಳಿಯಲ್ಲಿ ಮೋಡ ಕವಿದು ಇಳಿಯಲಾಗದಿದ್ದರೆ ಬೆಳಗಾವಿಗೆ ಹೋಗಬೇಕು, ಅದಕ್ಕೆ 90. ಅಲ್ಲಿ ತಲುಪಿದ ಮೇಲೂ 1,500 ಅಡಿ ಎತ್ತರದಲ್ಲಿ 30 ನಿಮಿಷ ಸುತ್ತುವಷ್ಟು, 110. ಒಟ್ಟು 530 ಕಿಲೋ. ಕೊನೆಯ 110 ಕಿಲೋ ಇದೆಯಲ್ಲ, ಅದನ್ನು ಉರಿಸುವ ಯೋಜನೆ ಯಾರೂ ಮಾಡುವಂತಿಲ್ಲ. ಇಳಿದಾಗಲೂ ಅದು ಟ್ಯಾಂಕಿನಲ್ಲೇ ಇರಬೇಕು. ಅದಕ್ಕೆ ಕೈಹಾಕುವ ಪರಿಸ್ಥಿತಿ ಬಂದರೆ ಪೈಲಟ್ ರೇಡಿಯೊದಲ್ಲಿ ‘ಮೇಡೇ ಫ್ಯುಯೆಲ್’, ಅಂದರೆ ಇಂಧನ ಸಾಲದೆ ಅಪಾಯದಲ್ಲಿದ್ದೇವೆ, ಅಂತ ಕೂಗಲೇಬೇಕು.

‘ಟ್ಯಾಂಕ್ ತುಂಬಿಸಿಬಿಡಿ, ಗೋಳೇ ಇಲ್ಲ’ ಅನ್ನುವವರಿದ್ದಾರೆ. ಹಾಗಲ್ಲ. ಈ ವಿಮಾನ ಮೇಲೇರುವಾಗ ಒಟ್ಟು ತೂಕ 5,670 ಕಿಲೋ ಮೀರಬಾರದು. ವಿಮಾನ ಮತ್ತು ಇಬ್ಬರು ಪೈಲಟ್‌ಗಳದೇ ಸುಮಾರು 3,850. ಟ್ಯಾಂಕ್ ಭರ್ತಿ ಮಾಡಿದರೆ ಇನ್ನೊಂದು 1,650. ಉಳಿದದ್ದು ಎಷ್ಟು? ಇಬ್ಬರು ಮನುಷ್ಯರು, ಅವರ ಬ್ಯಾಗು. ಎಂಟು ಸೀಟಿದೆ ಅಂದ ಮಾತ್ರಕ್ಕೆ ಎಂಟು ಜನರನ್ನೂ, ಪೂರ್ತಿ ಟ್ಯಾಂಕನ್ನೂ ಒಟ್ಟಿಗೆ ಹೊರುವುದಿಲ್ಲ. ಹಾಗಾಗಿ ಕಂಪನಿಯವರು ಪ್ರತಿಯೊಬ್ಬರ ತೂಕ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಸೀರೆ ಪೆಟ್ಟಿಗೆ, ಹಣ್ಣಿನ ಬುಟ್ಟಿ, ಎಲ್ಲದರ ತೂಕವೂ ಬೇಕು.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಘಟನೆಯನ್ನು ವಿವರವಾಗಿ ಹೇಳಬೇಕು. 2016ರ ನವೆಂಬರ್ 28. ಬ್ರೆಜಿಲ್‌ನ ಶಾಪೆಕೊಯೆನ್ಸೆ ಎಂಬ ಫುಟ್‌ಬಾಲ್ ತಂಡ ಕೊಲಂಬಿಯಾದ ಮೆಡೆಲಿನ್‌ಗೆ ಫೈನಲ್ ಆಡಲು ಹೊರಟಿತ್ತು. ಲಾಮಿಯಾ ಎಂಬ ಬೊಲಿವಿಯಾದ ಕಂಪನಿಯ ಚಾರ್ಟರ್ ವಿಮಾನ, ನಾಲ್ಕು ಎಂಜಿನ್ನಿನ ಆವ್ರೊ ಆರ್‌ಜೆ85. ಬ್ರೆಜಿಲ್‌ನಿಂದ ನೇರ ಒಯ್ಯಲು ಆ ಕಂಪನಿಗೆ ಅನುಮತಿ ಸಿಗಲಿಲ್ಲ. ತಂಡ ಬೇರೆ ವಿಮಾನದಲ್ಲಿ ಬೊಲಿವಿಯಾದ ಸಾಂತಾ ಕ್ರೂಸ್‌ಗೆ ಬಂದು ಅಲ್ಲಿ ಇದನ್ನು ಹತ್ತಿತು. ಅಷ್ಟರಲ್ಲಿ ಹೊತ್ತಾಗಿತ್ತು. ದಾರಿಯಲ್ಲಿ ಕೊಬಿಹಾ ಎಂಬ ಊರಲ್ಲಿ ಇಂಧನ ತುಂಬಿಸುವ ಆಲೋಚನೆ ಇತ್ತು, ಆದರೆ ಆ ಸಣ್ಣ ನಿಲ್ದಾಣ ರಾತ್ರಿ ಮುಚ್ಚುತ್ತಿತ್ತು. ನೇರ ಹೊರಟೇಬಿಟ್ಟರು.

ಆ ಫ್ಲೈಟ್ ಪ್ಲಾನ್ ಕಾಗದದಲ್ಲಿ ಏನು ಬರೆದಿತ್ತು ಕೇಳಿ. ಹಾರಾಟದ ಸಮಯ: 4 ಗಂಟೆ 22 ನಿಮಿಷ. ಟ್ಯಾಂಕಿನ ಇಂಧನ ಸಾಲುವ ಸಮಯ: 4 ಗಂಟೆ 22 ನಿಮಿಷ. ಎರಡೂ ಒಂದೇ! ಬದಲಿ ನಿಲ್ದಾಣಕ್ಕೆ ಹನಿ ಇಲ್ಲ, 30 ನಿಮಿಷದ ಮೀಸಲಿಗೆ ಹನಿ ಇಲ್ಲ. ಬೇಕಿದ್ದದ್ದು ಕನಿಷ್ಠ ಸುಮಾರು 11,600 ಕಿಲೋ, ಟ್ಯಾಂಕಿನಲ್ಲಿದ್ದದ್ದು ಸುಮಾರು 9,300. ಇದನ್ನು ಕಂಡುಹಿಡಿಯಲು ಎಂಜಿನಿಯರ್ ಬೇಕಿಲ್ಲ, ಹೈಸ್ಕೂಲಿನ ಹುಡುಗ ಸಾಕು. ನಿಲ್ದಾಣದ ಅಧಿಕಾರಿಯೊಬ್ಬರು ಎತ್ತಿ ತೋರಿಸಿಯೂ ಇದ್ದರು. ಆದರೂ ವಿಮಾನ ಹಾರಿತು. ದಾರಿಯಲ್ಲಿ ಬೇರೆ ಕಡೆ ಇಳಿದು ಇಂಧನ ಹಾಕಿಸುವ ಮಾತು ಕಾಕ್‌ಪಿಟ್‌ನಲ್ಲಿ ಬಂತು, ಇಳಿಯಲಿಲ್ಲ. ಮೆಡೆಲಿನ್ ಹತ್ತಿರವಾದಾಗ ಇನ್ನೊಂದು ವಿಮಾನಕ್ಕೆ ಇಂಧನ ಸೋರಿಕೆಯ ಅನುಮಾನವಿದ್ದು, ಅದನ್ನು ಮೊದಲು ಇಳಿಸಬೇಕಾಯಿತು. ನೆಲದ ಮೇಲಿನ ನಿಯಂತ್ರಕರು ಇವರಿಗೆ ಕಾಯಿರಿ ಅಂದರು. ಕಾಯಲು ಇಂಧನ ಎಲ್ಲಿದೆ? ಆಗಲಾದರೂ ‘ಇಂಧನ ಮುಗಿಯುತ್ತಿದೆ’ ಅಂತ ಒಡನೆ ಹೇಳಬಹುದಿತ್ತು, ಹೇಳಿದ್ದು ತೀರಾ ತಡವಾಗಿ. ಎಂಜಿನ್‌ಗಳು ಒಂದರ ಹಿಂದೆ ಒಂದು ಆರಿದವು. ರನ್‌ವೇಗೆ 20 ಕಿಲೋಮೀಟರೂ ಇರಲಿಲ್ಲ, ವಿಮಾನ ಬೆಟ್ಟಕ್ಕೆ ಬಡಿಯಿತು. 77 ಮಂದಿಯಲ್ಲಿ 71 ಮಂದಿ ಸತ್ತರು. ಹತ್ತಿಕೊಳ್ಳಲು ಇಂಧನವೇ ಉಳಿದಿರಲಿಲ್ಲ, ಹಾಗಾಗಿ ಬೆಂಕಿಯೂ ಏಳಲಿಲ್ಲ.

ಕೊಬಿಹಾದಂತೆ ಹೊತ್ತು ನೋಡಿ ಬಾಗಿಲು ಹಾಕುವ ನಿಲ್ದಾಣಗಳು ನಮ್ಮಲ್ಲೂ ಇವೆ. ನಿಲ್ದಾಣ ತೆರೆದಿರುವ ವೇಳೆಗೆ ವಾಚ್ ಅವರ್ಸ್ ಅನ್ನುತ್ತಾರೆ. ಆ ವೇಳೆಯಲ್ಲಿ ಹೆಚ್ಚುಕಡಿಮೆ ಆದಾಗ ನೋಟಾಮ್ ಎಂಬ ಸೂಚನೆ ಹೊರಡುತ್ತದೆ. ಹೊರಡುವ ದಿನದ ನೋಟಾಮ್ ಓದದೆ ಯೋಜನೆ ಮುಗಿಯುವುದಿಲ್ಲ. ನೀವು ಎರಡು ಗಂಟೆ ತಡಮಾಡಿದರೆ ಇಳಿಯುವ ನಿಲ್ದಾಣ ಮಾತ್ರವಲ್ಲ, ಬದಲಿ ನಿಲ್ದಾಣವೂ ಮುಚ್ಚಿರಬಹುದು. ಬದಲಿ ಇನ್ನೂ ದೂರದ್ದಾದರೆ ಇಂಧನ ಹೆಚ್ಚು ಬೇಕು, ಇಂಧನ ಹೆಚ್ಚಾದರೆ ಒಬ್ಬರು ಇಳಿಯಬೇಕಾಗಬಹುದು. ಲೆಕ್ಕ ಮತ್ತೆ ಮೊದಲಿನಿಂದ, ನೆಲದ ಮೇಲೆ.

ಸಮಯ ಕಡಿಮೆ ಉಳಿದಿದೆ, ಪೈಲಟ್ ವಿಷಯ ಬೇಗ ಹೇಳುತ್ತೇನೆ. ಲೈಸೆನ್ಸ್ ಇದ್ದರೆ ಸಾಲದು, ಕೈ ಪಳಗಿರಬೇಕು. ಕಳೆದ 90 ದಿನಗಳಲ್ಲಿ ಅದೇ ಬಗೆಯ ವಿಮಾನದಲ್ಲಿ, ಅಥವಾ ಒಪ್ಪಿಗೆ ಪಡೆದ ಸಿಮ್ಯುಲೇಟರಿನಲ್ಲಿ (ನೆಲದ ಮೇಲೇ ಹಾರಾಟದ ಅಭ್ಯಾಸ ಮಾಡಿಸುವ ಯಂತ್ರದಲ್ಲಿ), ಮೂರು ಟೇಕಾಫ್ ಮತ್ತು ಮೂರು ಲ್ಯಾಂಡಿಂಗ್ ಆಗಿರಬೇಕು. ದಿನಾ ಹಾರುವ ದೊಡ್ಡ ಕಂಪನಿಗಳಿಗೆ ಇದು ತಾನಾಗಿ ಆಗುತ್ತದೆ. ಒಂದೇ ವಿಮಾನವಿರುವ ಚಾರ್ಟರ್ ಕಂಪನಿಯಲ್ಲಿ ತಿಂಗಳಿಗೊಂದು ಹಾರಾಟವಿದ್ದರೆ ಇಲ್ಲೇ ಎಡವುವುದು. ಒಬ್ಬ ಪೈಲಟ್ ಜನವರಿ 2, ಜನವರಿ 5, ಮಾರ್ಚ್ 20ರಂದು ಒಂದೊಂದು ಸಲ ವಿಮಾನ ಏರಿಸಿ ಇಳಿಸಿದ್ದಾರೆ ಅನ್ನಿ. ಏಪ್ರಿಲ್ 1ಕ್ಕೆ ಮೂರೂ ಲೆಕ್ಕಕ್ಕೆ ಬರುತ್ತವೆ. ನೀವು ಪ್ರಯಾಣವನ್ನು ಏಪ್ರಿಲ್ 10ಕ್ಕೆ ಮುಂದೂಡಿದಿರಿ, ಜನವರಿಯವೆರಡೂ ಬಿದ್ದುಹೋದವು, ಉಳಿದದ್ದು ಒಂದು. ಅದೇ ಪೈಲಟ್, ಅದೇ ವಿಮಾನ, ಆದರೂ ನಿಮ್ಮನ್ನು ಕೂರಿಸಿಕೊಂಡು ಹಾರುವಂತಿಲ್ಲ. ಪ್ರಯಾಣಿಕರಿಲ್ಲದೆ ತರಬೇತುದಾರರ ಜತೆ ಹಾರಿ ಇಲ್ಲವೆ ಸಿಮ್ಯುಲೇಟರಿನಲ್ಲಿ ಕೊರತೆ ತುಂಬಿಸಿಕೊಂಡೇ ಬರಬೇಕು. ಅದಕ್ಕೆ ದಿನ ಬೇಕು. ತಾರೀಖು ಬದಲಾಯಿಸಿದ ಕೂಡಲೇ ಕಂಪನಿಗೆ ತಿಳಿಸಿ ಅನ್ನುವುದು ಇದಕ್ಕೇ. ವರ್ಷಕ್ಕೆರಡು ಸಲದ ಪ್ರೊಫಿಶಿಯೆನ್ಸಿ ಚೆಕ್ ಎಂಬ ಕೌಶಲ ಪರೀಕ್ಷೆ, ವೈದ್ಯಕೀಯ ಪ್ರಮಾಣಪತ್ರ, ಇವುಗಳ ಗಡುವನ್ನೂ ಹೊಸ ತಾರೀಖಿಗೆ ಹೋಲಿಸಿ ನೋಡಬೇಕು. ಇಬ್ಬರು ಪೈಲಟ್‌ಗಳದನ್ನೂ.

ಇನ್ನೊಂದು. ಪೈಲಟ್‌ ಡ್ಯೂಟಿ ಶುರುವಾಗುವುದು ವಿಮಾನ ಹಾರಿದಾಗಲ್ಲ, ಅವರು ಕೆಲಸಕ್ಕೆ ಹಾಜರಾದಾಗ. ನೀವು ಛತ್ರದಲ್ಲಿದ್ದಷ್ಟು ಹೊತ್ತೂ ಅವರ ಗಡಿಯಾರ ಓಡುತ್ತಲೇ ಇರುತ್ತದೆ. ‘ಇಷ್ಟು ದುಡ್ಡು ಕೊಟ್ಟಿದ್ದೇವೆ, ಅರ್ಧ ಗಂಟೆ ಕಾಯಲಾರರೇ’ ಅಂತ ದಯವಿಟ್ಟು ಕೇಳಬೇಡಿ. ಹಿಂತಿರುಗುವುದು ತಡವಾಗುತ್ತದೆ ಅನ್ನಿಸಿದರೆ ಊಟಕ್ಕೆ ಕೂರುವ ಮೊದಲೇ ಅವರಿಗೆ ಫೋನು ಮಾಡಿ. ನಿಲ್ದಾಣ ತೆರೆದಿರುತ್ತದೆಯೇ, ಬದಲಿ ಯಾವುದು, ಇಂಧನ ಎಷ್ಟು, ಡ್ಯೂಟಿ ಎಷ್ಟು ಉಳಿದಿದೆ ಅಂತ ನೋಡಿಕೊಳ್ಳಲು ಅವರಿಗೆ ಮುಕ್ಕಾಲು ಗಂಟೆಯಾದರೂ ಸಿಗಲಿ.

ನಮಸ್ಕಾರ.