ಕೊಳವೆಯ ದನಿ, ಗೋಡೆಯ ದನಿ

ಕೇಳುಗರೇ, ನಮಸ್ಕಾರ. ಕೊಳವೆಗಳಿಗೆ ಗಾಳಿ ಹಾಯಿಸಿ ನುಡಿಸುವ ಜರ್ಮನಿಯ ದೊಡ್ಡ ಚರ್ಚ್ ಆರ್ಗನ್‌ಗಳ ಎರಡು ರೆಕಾರ್ಡಿಂಗ್ ಪಕ್ಕಪಕ್ಕ ಹಾಕಿ ಕೇಳಿದರೆ ಸಾಮಾನ್ಯವಾಗಿ ಗೆಲ್ಲುವುದು ಜೋರಾಗಿರುವುದೇ. ಆದ್ದರಿಂದ ಮೊದಲು ಎರಡರ ವಾಲ್ಯೂಮ್ ಸಮ ಮಾಡಿಕೊಳ್ಳಿ. ಕೃತಿಯೂ ಒಂದೇ ಇರಲಿ. ಜರ್ಮನ್ ಸಂಗೀತಕಾರ ಬಾಖ್‌ನ ಡಿ ಮೈನರ್ ಟೊಕಾಟಾ, ಅಂದರೆ 'ಡಿ' ಆಧಾರಸ್ವರದ ಬೆರಳೋಟದ ಕೃತಿ, ಎಲ್ಲ ಕಡೆ ಸಿಗುತ್ತದೆ.

ಹ್ಯಾಂಬರ್ಗ್‌ನ ಸೇಂಟ್ ಯಾಕೋಬಿ ಚರ್ಚಿನಿಂದ ಶುರು ಮಾಡೋಣ. ಆರ್ಪ್ ಷ್ನಿಟ್ಗರ್ 1693ರಲ್ಲಿ ಮುಗಿಸಿದ ವಾದ್ಯ, 60 ಸ್ಟಾಪ್. ಸ್ಟಾಪ್ ಅಂದರೆ ಒಂದೇ ಬಗೆಯ ನಾದ ಕೊಡುವ ಕೊಳವೆಗಳ ಸಾಲು. ಇಲ್ಲಿ ಡಿ ಮೈನರ್ ಟೊಕಾಟಾ ಇ ಮೈನರ್‌ನಂತೆ ಕೇಳುತ್ತದೆ. ರೆಕಾರ್ಡಿಂಗ್ ವೇಗ ತಪ್ಪಿದೆ ಅಂದುಕೊಳ್ಳಬೇಡಿ. ಇದರ ಶ್ರುತಿ, ಅಂದರೆ 'ಎ' ಸ್ವರದ ಕಂಪನ, 495 ಹರ್ಟ್ಸ್. ಇಂದಿನ 440ಕ್ಕಿಂತ ಹಾರ್ಮೋನಿಯಂನಲ್ಲಿ ಎರಡು ಮನೆ ಮೇಲೆ. ಸಾಫ್ಟ್‌ವೇರ್‌ನಲ್ಲಿ ಅದನ್ನು ಕೆಳಗಿಳಿಸಿದಿರೋ, ಕೊಳವೆಯ ನಾದದ ಬಣ್ಣವೂ ಕೆಡುತ್ತದೆ.

ಮೊದಲ ಸ್ವರ ಹುಟ್ಟುವ ಕ್ಷಣಕ್ಕೆ ಕಿವಿಗೊಡಿ. ಕೊಳಲಿಗೆ ಉಸಿರು ತಾಗಿದಾಗ ಬರುವಂಥ ಸಣ್ಣ 'ಛ್' ಕೇಳಿಸಿದರೆ ಮೈಕು ಹತ್ತಿರವಿದೆ. ಅದು ಪೂರ್ತಿ ಕಾಣೆಯಾಗಿದ್ದರೆ ನೀವು ಕೇಳುತ್ತಿರುವುದು ಹೆಚ್ಚಾಗಿ ಗೋಡೆಗಳನ್ನು, ಅಂದರೆ ಅವುಗಳ ಮಾರ್ದನಿಯನ್ನು. ಮೀಡಿಯಂ ವೇವ್‌ನಲ್ಲಿ ಈ ಮಾತು ಕೇಳುತ್ತಿರುವವರು ರೇಡಿಯೋದಲ್ಲಿ ಅದನ್ನು ಹುಡುಕಬೇಡಿ, ಅಷ್ಟು ಮೇಲಿನ ಕಂಪನ ಅಲ್ಲಿ ದಾಟುವುದಿಲ್ಲ.

ತಗ್ಗಿನ ಸ್ವರಗಳ ಕಥೆ ಬೇರೆ. 32 ಅಡಿ ಸ್ಟಾಪ್‌ನ, ಅಂದರೆ ಅತಿ ಉದ್ದದ ಕೊಳವೆ ಸುಮಾರು 32 ಅಡಿ ಇರುವ ಸಾಲಿನ, ಅತಿ ತಗ್ಗಿನ ಸ್ವರ ಸುಮಾರು 16 ಹರ್ಟ್ಸ್. ಮೊಬೈಲಿನ ಸ್ಪೀಕರ್ ಅದರ ಹತ್ತಿರಕ್ಕೂ ಹೋಗದು. ಮೇಲಿನ ಉಪಸ್ವರಗಳನ್ನು ಹಿಡಿದು ಕಿವಿಯೇ ಮಂದ್ರವನ್ನು ಊಹಿಸಿಕೊಳ್ಳುತ್ತದೆ. ಒಳ್ಳೆಯ ಹೆಡ್‌ಫೋನ್ ಇಲ್ಲದೆ, ಕಾಲಿನಿಂದ ನುಡಿಸುವ ಪೆಡಲ್‌ನ ಮಂದ್ರಸ್ವರಗಳ ಬಗ್ಗೆ ತೀರ್ಪು ಕೊಡಬೇಡಿ.

ಪಾಸ್ಸೌ ಕತೀಡ್ರಲ್‌ನಲ್ಲಿ 17,974 ಕೊಳವೆಗಳು, 233 ಸ್ಟಾಪ್‌ಗಳು. ಲೆಕ್ಕ ಕೇಳಿ ಮರುಳಾಗಬೇಡಿ. ಅಲ್ಲಿರುವುದು ಒಂದೇ ಕೀಲಿಮಣೆ ಪೀಠದಿಂದ ನುಡಿಸಬಹುದಾದ ಐದು ಆರ್ಗನ್‌ಗಳು. ಒಂದು ಹಿಂದೆ, ಒಂದು ಮುಂದೆ, ಒಂದಂತೂ ಅಟ್ಟದ ಮೇಲೆ. ಎರಡು ಸ್ಪೀಕರ್‌ಗಳಲ್ಲಿ ಇವೆಲ್ಲ ಚಪ್ಪಟೆಯಾಗಿ ಒಂದೇ ಗೋಡೆಗೆ ಅಂಟುತ್ತವೆ.

ಮೆರ್ಸೆಬರ್ಗ್ ಕತೀಡ್ರಲ್‌ನಲ್ಲಿ ಲಾಡೆಗಾಸ್ಟ್ 1855ರಲ್ಲಿ ಕಟ್ಟಿ ಮುಗಿಸಿದ ಆರ್ಗನ್‌ಗೆ ಮಾತ್ರ ಈ ಟೊಕಾಟಾ ಸರಿಯಾದ ಪರೀಕ್ಷೆಯಲ್ಲ. ದನಿ ದಪ್ಪ, ಮೆಲ್ಲಗೆ ಏರುವಂಥದ್ದು. ಅದಕ್ಕೆ ಸಂಗೀತಕಾರ ಫ್ರಾಂಝ್ ಲಿಸ್ಟ್‌ನ ಕೃತಿ ಹಾಕಿ.

ಇನ್ನು ಕಲೋನ್ ಕತೀಡ್ರಲ್. ಅಲ್ಲಿ ದನಿ ಆರಲು ಸುಮಾರು 13 ಸೆಕೆಂಡು ಬೇಕು. ಟೊಕಾಟಾದ ಮೊದಲ ನಿಲುಗಡೆಯಲ್ಲಿ ವಾದಕ ಎಷ್ಟು ಕಾಯುತ್ತಾನೆ ಎಂದು ಗಡಿಯಾರ ನೋಡಿ. ಕೊನೆಯ ಮೇಳಸ್ವರ ಎರಡೇ ಸೆಕೆಂಡಿನಲ್ಲಿ ಕತ್ತರಿಸಿದಂತೆ ನಿಂತರೆ ಅದು ಸಂಪಾದಕರ ಕೈಕೆಲಸ. ಆ ರೆಕಾರ್ಡಿಂಗ್ ಪಕ್ಕಕ್ಕಿಟ್ಟು ಬೇರೆಯದನ್ನು ಹುಡುಕಿ.