ಒಂದೇ ಒಲೆ, ಒಂದೇ ಮಾತ್ರೆ, ಬೇರೆ ಬೇರೆ ಕಿಡ್ನಿ

ಎಲ್ಲರಿಗೂ ನಮಸ್ಕಾರ. ಶುಗರ್ ಅಂದರೇನು ಅಂತ ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ. ಮಾತ್ರೆ ಡಬ್ಬಿ ಇಲ್ಲದ ಮನೆ ಹುಡುಕುವುದೇ ಈಗ ಕಷ್ಟ. ಹಾಗಾಗಿ ನೇರವಾಗಿ ಕಿಡ್ನಿಗೆ ಬರುತ್ತೇನೆ.

ಮದ್ದೂರು ಕಡೆಯ ಅಣ್ಣತಮ್ಮಂದಿರು ಇಬ್ಬರು ನನ್ನ ಹತ್ತಿರ ಬರುತ್ತಾರೆ. ಇಬ್ಬರಿಗೂ ಶುಗರ್, ಇಬ್ಬರ ಮೂತ್ರದಲ್ಲೂ ಆಲ್ಬುಮಿನ್ ಅನ್ನುವ ಪ್ರೋಟೀನ್ ಹೋಗುತ್ತಿತ್ತು, ಅಂದರೆ ಕಿಡ್ನಿಗೆ ಪೆಟ್ಟು ಬೀಳುತ್ತಿತ್ತು. ಇಬ್ಬರಿಗೂ ಬಿಪಿ ಇಳಿಸಿ ಕಿಡ್ನಿ ಕಾಯುವ ಲೊಸಾರ್ಟನ್ ಮಾತ್ರೆ ಬರೆದೆ, ಒಂದೇ ಡೋಸ್. ಕೆಲವು ತಿಂಗಳಲ್ಲಿ ಅಣ್ಣನ ಆಲ್ಬುಮಿನ್ ಅರ್ಧಕ್ಕೆ ಇಳಿಯಿತು. ತಮ್ಮನದು ಕದಲಲಿಲ್ಲ. ಅತ್ತಿಗೆ ಎಲ್ಲರ ಮುಂದೆ ಕೇಳಿಯೇಬಿಟ್ಟರು: "ಇವ್ನು ಮಾತ್ರೆ ನುಂಗ್ತಾನೋ ಇಲ್ವೋ, ಕೇಳಿ ಸಾರ್." ತಮ್ಮನಿಗೆ ಸಿಟ್ಟು ಬಂತು. ಮುಂದಿನ ಸಲ ಖಾಲಿ ಸ್ಟ್ರಿಪ್‌ಗಳನ್ನೆಲ್ಲ ಚೀಲದಲ್ಲಿ ತಂದು ನನ್ನ ಮೇಜಿನ ಮೇಲೆ ಸುರಿದರು. ಉಪ್ಪು ಜಾಸ್ತಿ ತಿನ್ನುತ್ತೀರಾ ಅಂದೆ. "ಒಂದೇ ಒಲೆ ಸಾರ್. ಅತ್ತಿಗೇನೇ ಬಡಿಸೋದು!" ಅತ್ತಿಗೆಯೂ ನಕ್ಕುಬಿಟ್ಟರು.

ಆ ತಮ್ಮನಲ್ಲಿ ಏನು ನಡೆಯಿತು ಅಂತ ಖಚಿತವಾಗಿ ಹೇಳಲಾಗದು. ಆದರೆ ಔಷಧಿ ಎಲ್ಲರಲ್ಲೂ ಒಂದೇ ತರ ಕೆಲಸ ಮಾಡದಿರುವುದಕ್ಕೆ ಜೀನ್ ಕೂಡ ಒಂದು ಕಾರಣ. ನುಂಗಿದ ಲೊಸಾರ್ಟನ್ನಿನ ಒಂದು ಪಾಲನ್ನು ಲಿವರ್ ಇನ್ನೂ ಬಲವಾದ ರೂಪಕ್ಕೆ ಬದಲಿಸಬೇಕು. ಆ ಕೆಲಸ ಮಾಡುವ ಸಿವೈಪಿ2ಸಿ9 ಕಿಣ್ವ ಕೆಲವರಲ್ಲಿ ಹುಟ್ಟಿನಿಂದಲೇ ನಿಧಾನ.

ಇನ್ನೊಂದು, ರಕ್ತನಾಳ ಬಿಗಿಯಾಗಿಸುವ ವಸ್ತು ತಯಾರಿಸುವ ಎಸಿಇ ಕಿಣ್ವದ ಜೀನ್. ಅದರಲ್ಲಿ 287 ಅಕ್ಷರಗಳ ಒಂದು ತುಂಡು ಕೆಲವರಿಗೆ ಇರುತ್ತದೆ, ಕೆಲವರಿಗೆ ಇರುವುದಿಲ್ಲ. ಅಪ್ಪ ಅಮ್ಮ ಇಬ್ಬರಿಂದಲೂ ಆ ತುಂಡು ಬರದಿದ್ದರೆ ರಕ್ತದಲ್ಲಿ ಎಸಿಇ ಜಾಸ್ತಿ. ಆಗ ಕಿಡ್ನಿಯ ರಕ್ತ ಸೋಸುವ ಜಾಲರಿಯಿಂದ ರಕ್ತ ಹೊರಹೋಗುವ ನಾಳ ಬಿಗಿಯಾಗಿ, ಜಾಲರಿಯಲ್ಲಿ ಒತ್ತಡ ಏರಬಹುದು. ಮುಂದಿನ ತೂಬು ಬಿಗಿಯಾದರೆ ನಾಲೆಯ ಏರಿ ಏನಾಗುತ್ತದೆ, ನಿಮಗೆ ಗೊತ್ತಲ್ವಾ? ಲೊಸಾರ್ಟನ್ ಆ ತೂಬನ್ನು ಸಡಿಲಿಸುತ್ತದೆ. ಶುಗರಿನಿಂದ ಕಿಡ್ನಿ ಕೆಟ್ಟವರಿಗೆ ಲೊಸಾರ್ಟನ್ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದ, 2001ರಲ್ಲಿ ಪ್ರಕಟವಾದ ರೆನಾಲ್ ಅಧ್ಯಯನದಲ್ಲಿ 1513 ಮಂದಿ ಇದ್ದರು. ಆಮೇಲೆ ಅವರ ಜೀನ್ ನೋಡಿದಾಗ ಕಂಡದ್ದು ಇದು: ತುಂಡು ಇಲ್ಲದವರಿಗೆ ಬರೀ ಹುಸಿ ಮಾತ್ರೆ ಕೊಟ್ಟಾಗ ಕಿಡ್ನಿ ಬೇಗ ಕೆಟ್ಟಿತು. ಲೊಸಾರ್ಟನ್ನಿನಿಂದ ಹೆಚ್ಚು ಲಾಭವಾದದ್ದೂ ಅಂಥವರಿಗೇ! ಕೆಟ್ಟ ಜೀನ್ ಅಂತ ಹೆದರುವವರಿಗೆ ನಾನು ಇದನ್ನೇ ಹೇಳುವುದು.

ಆದರೆ ಬೇರೆ ಅಧ್ಯಯನಗಳಲ್ಲಿ ಫಲಿತಾಂಶ ಹೀಗೇ ಬರಲಿಲ್ಲ. ಆದ್ದರಿಂದ ಇವತ್ತು ಈ ಜೀನ್ ನೋಡಿ ಯಾರೂ ಮಾತ್ರೆ ಬರೆಯುವುದಿಲ್ಲ. ಸುಮ್ನೆ ಜೀನ್ ಪ್ಯಾಕೇಜಿಗೆ ಸಾವಿರಾರು ರೂಪಾಯಿ ಸುರಿಯಬೇಡಿ. ಮೊದಲು ಮೂತ್ರದ ಆಲ್ಬುಮಿನ್ ನೋಡಿಸಿ. ಮಾತ್ರೆ ಶುರುವಾದ ಮೇಲೆ ಮತ್ತೆ ನೋಡಿಸಿ. ಮಾತ್ರೆ ನಿಮಗೆ ಹಿಡಿಯಿತೋ ಇಲ್ಲವೋ ಅಂತ ಈಗ ಹೇಳುವುದು ಆ ಎರಡನೇ ಪರೀಕ್ಷೆ.

ಮೂತ್ರದಲ್ಲಿ ಸಕ್ಕರೆ ಹೊರಹಾಕಿಸುವ ಗ್ಲಿಫ್ಲೋಜಿನ್ ಮಾತ್ರೆಗಳ ಕಥೆ ಇನ್ನೂ ಚೆನ್ನಾಗಿದೆ. ಸೋಸಿದ ಸಕ್ಕರೆಯನ್ನು ಕಿಡ್ನಿ ರಕ್ತಕ್ಕೆ ವಾಪಸ್ ಎಳೆದುಕೊಳ್ಳುವ ದಾರಿ ಒಂದಿದೆ. ಆ ದಾರಿಯನ್ನು ನಡೆಸುವ ಎಸ್‌ಎಲ್‌ಸಿ5ಎ2 ಜೀನ್ ಕೆಟ್ಟೇ ಹುಟ್ಟುವ ಕೆಲವರಿದ್ದಾರೆ. ಜೀವನವಿಡೀ ಮೂತ್ರದಲ್ಲಿ ಸಕ್ಕರೆ ಹೋಗುತ್ತದೆ, ಆದರೂ ಬಹುಪಾಲು ಅವರ ಕಿಡ್ನಿಗೆ ತೊಂದರೆ ಇಲ್ಲ. ಆ ದಾರಿಯನ್ನು ಔಷಧಿಯಿಂದ ಮುಚ್ಚಬಹುದು ಅನ್ನುವ ಧೈರ್ಯ ಅವರಿಂದಲೂ ಬಂತು. ಈ ಗುಂಪಿನ ಕನಾಗ್ಲಿಫ್ಲೋಜಿನ್ ಮಾತ್ರೆ ಕೊಟ್ಟು ನೋಡಿದ 2019ರ ಕ್ರೆಡೆನ್ಸ್ ಅಧ್ಯಯನದಲ್ಲಿ 4401 ಮಂದಿ ಇದ್ದರು. ಕಿಡ್ನಿ ವೈಫಲ್ಯದಂಥ ದೊಡ್ಡ ಅಪಾಯಗಳು ಸುಮಾರು 30 ಶೇಕಡಾ ಇಳಿದವು. ಇದೇ ಜೀನಿನ ಸಾಮಾನ್ಯ ವ್ಯತ್ಯಾಸಗಳಿಂದ ಎಂಪಾಗ್ಲಿಫ್ಲೋಜಿನ್ ಪರಿಣಾಮದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಂಡಿಲ್ಲ. ನಮ್ಮ ತಮ್ಮನಿಗೂ ಲೊಸಾರ್ಟನ್ ಜೊತೆಗೆ ಡಾಪಾಗ್ಲಿಫ್ಲೋಜಿನ್ ಸೇರಿಸಿದೆ. ಆಲ್ಬುಮಿನ್ ಇಳಿಯಿತು. ಗೊತ್ತಾದದ್ದು ಹೇಗೆ? ಮತ್ತೆ ಮೂತ್ರ ಪರೀಕ್ಷೆ!

ಸಮಯ ಆಯಿತು ಅಂತ ಚೀಟಿ ಬಂದಿದೆ. ಜೀನ್ ಅಧ್ಯಯನಗಳಲ್ಲಿ ಹೆಚ್ಚಿನವರು ಯುರೋಪ್ ಮೂಲದವರು. ನಮ್ಮ ಹತ್ತು ಸಾವಿರ ಜನರ ಜೀನೋಮ್ ಓದಿದ ಜೀನೋಮ್ ಇಂಡಿಯಾ ಒಳ್ಳೆಯ ಆರಂಭ. ಅದರ ಜೊತೆಗೆ ನಮ್ಮವರಲ್ಲಿ ಯಾವ ಮಾತ್ರೆ ಎಷ್ಟು ಕೆಲಸ ಮಾಡಿತು ಅನ್ನುವ ಲೆಕ್ಕವೂ ಬೇಕು. ನಿಮ್ಮನ್ನು ಅಧ್ಯಯನಕ್ಕೆ ಕರೆದರೆ ಚೆನ್ನಾಗಿ ಕೇಳಿ ತಿಳಿದುಕೊಂಡು ಸೇರಿ.

ಎರಡು ಮಾತು ಮಾತ್ರ. ವಾಂತಿ ಭೇದಿ ಆದಾಗ ಗ್ಲಿಫ್ಲೋಜಿನ್ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ. ಬಸುರಿಯರು ಲೊಸಾರ್ಟನ್ ತಗೊಳ್ಳಬಾರದು. ಉಳಿದದ್ದು ಪ್ರಶ್ನೆಗಳಲ್ಲಿ ಕೇಳಿ.